ಕಸ ಒತ್ತುವ ಯಂತ್ರ ಅರ್ಧಕ್ಕೇ ನಿಂತಿದೆ, ಏನು ಮಾಡಲಿ?

ಪ್ರಶ್ನೆ: ನಾವು ಅಮೆರಿಕದಲ್ಲಿ ಹಳೆಯ ಮನೆಯೊಂದನ್ನು ಕೊಂಡಿದ್ದೇವೆ. ಸಿಂಕ್ ಪಕ್ಕದಲ್ಲೇ ಟ್ರ್ಯಾಶ್ ಕಾಂಪ್ಯಾಕ್ಟರ್ ಇದೆ, ಕಸ ಒತ್ತಿ ಚಿಕ್ಕದು ಮಾಡುವ ಯಂತ್ರ. ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ತೆಂಗಿನ ಚಿಪ್ಪು, ಬಾಳೆ ಎಲೆ, ಗಾಜಿನ ಬಾಟಲಿ ಎಲ್ಲ ತುಂಬಿ ಆನ್ ಮಾಡಿದೆ. ಅರ್ಧಕ್ಕೇ ನಿಂತುಬಿಟ್ಟಿತು. ಈಗ ಗುಂಯ್ ಅನ್ನುತ್ತದೆ ಅಷ್ಟೇ. ಡ್ರಾಯರ್ ತೆರೆಯುತ್ತಿಲ್ಲ, ವಾಸನೆ ಶುರುವಾಗಿದೆ. ರಿಪೇರಿಯವರು ಹೊಸದು ತಗೊಳ್ಳಿ ಅಂದರು. ನಮ್ಮ ಯಜಮಾನರು ಡ್ರಾಯರ್ ಜಗ್ಗಿ ತೆಗೆಯೋಣ ಅಂತಿದ್ದಾರೆ. ಏನು ಮಾಡಲಿ ಸರ್?
- ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಜಗ್ಗುವುದು ಮಾತ್ರ ಬೇಡಮ್ಮ. ಒತ್ತುವ ಹಲಗೆ ಡ್ರಾಯರ್ ಒಳಗೆ ಇಳಿದು ಕೂತಿದೆ. ಎಷ್ಟು ಎಳೆದರೂ ಡ್ರಾಯರ್ ಬಾಗುತ್ತದೆ, ಕೆಳಗಿನ ಚಕ್ರ ಮುರಿಯುತ್ತದೆ, ಹಲಗೆ ಅಲ್ಲಾಡುವುದಿಲ್ಲ.

ಗುಂಯ್ ಅನ್ನುತ್ತಿದೆ ಅಂದರೆ ಒಳ್ಳೆಯದೇ. ಕರೆಂಟ್ ಮೋಟಾರಿನವರೆಗೂ ಬರುತ್ತಿದೆ, ಬೀಗದ ಸ್ವಿಚ್ಚು, ಡ್ರಾಯರ್ ಸ್ವಿಚ್ಚು ಎರಡೂ ಸರಿಯಿವೆ. ಮೋಟಾರಿಗೆ ತಿರುಗಲು ಆಗುತ್ತಿಲ್ಲ, ಅಷ್ಟೇ. ಸಾಮಾನ್ಯವಾಗಿ ಈ ಯಂತ್ರದ ಎರಡು ಪಕ್ಕಕ್ಕೆ ಎರಡು ಉದ್ದದ ಸ್ಕ್ರೂ ನಿಂತಿರುತ್ತವೆ, ಹಲಗೆಯ ಆಚೆ ಈಚೆ ಇರುವ ನಟ್ಟುಗಳು ಅವುಗಳ ಮೇಲೆ ಹತ್ತಿ ಇಳಿಯುತ್ತವೆ, ಎರಡು ಸ್ಕ್ರೂಗಳನ್ನೂ ಒಂದೇ ಚೈನ್ ತಿರುಗಿಸುತ್ತದೆ. ಒತ್ತಡ 2,000 ಪೌಂಡಿಗೂ ಜಾಸ್ತಿ. ಚಿಪ್ಪು ಒಂದು ಮೂಲೆಗೆ ಸರಿದು ಹಲಗೆ ವಾಲಿಕೊಂಡಿದೆ, ನಟ್ಟು ಗ್ರೀಸ್ ಒಣಗಿದ ಸ್ಕ್ರೂವನ್ನು ಕಚ್ಚಿ ಹಿಡಿದಿದೆ ಅಂತ ನನ್ನ ಅಂದಾಜು.

ಪ್ಲಗ್ ಕೀಳಿ. ಕೈಗೆ ಸಿಗದಿದ್ದರೆ ಬ್ರೇಕರ್ ಇಳಿಸಿ. ಅರ್ಧ ಗಂಟೆ ಮೋಟಾರು ತಣ್ಣಗಾಗಲಿ, ಆಮೇಲೆ ಒಂದೇ ಒಂದು ಸಲ ಆನ್ ಮಾಡಿ. ಎಷ್ಟೋ ಯಂತ್ರಗಳಲ್ಲಿ ಹಲಗೆ ಆಗ ತಾನಾಗೇ ಮೇಲೆ ಹೋಗುತ್ತದೆ. ಮತ್ತೆ ಗುಂಯ್ ಅಂದರೆ ತಕ್ಷಣ ಆರಿಸಿ, ಹಾಗೇ ಬಿಟ್ಟರೆ ಮೋಟಾರು ಸುಟ್ಟುಹೋಗುತ್ತದೆ.

ಆಗಲಿಲ್ವಾ? ಮತ್ತೆ ಕರೆಂಟ್ ಕಡಿದು, ಕಟ್ಟೆಗೆ ಹಿಡಿದಿರುವ ಸ್ಕ್ರೂ ಬಿಚ್ಚಿ, ಇಬ್ಬರು ಸೇರಿ ಯಂತ್ರವನ್ನು ಹೊರಗೆ ಎಳೆದು ಹಳೆಯ ಕಂಬಳಿಯ ಮೇಲೆ ಬೆನ್ನು ಕೆಳಗಾಗಿ ಮಲಗಿಸಿ. ತುಂಬಾ ಭಾರ, ಒಬ್ಬರೇ ಹೋಗಬೇಡಿ. ಕೆಳಗಿನ ತಗಡು ಬಿಚ್ಚಿದರೆ ಸೈಕಲ್ ಚೈನಿನಂಥ ಚೈನ್ ಕಾಣುತ್ತದೆ (ಕೆಲವದರಲ್ಲಿ ಬೆಲ್ಟ್ ಅಥವಾ ಗೇರ್). ದಪ್ಪ ಕೈಗವಸು ಹಾಕಿಕೊಂಡು ದೊಡ್ಡ ಹಲ್ಲಿನ ಚಕ್ರವನ್ನು ಹಲಗೆ ಮೇಲೇರುವ ದಿಕ್ಕಿಗೆ ಕೈಯಲ್ಲೇ ತಿರುಗಿಸಿ. ಮೊದಲ ಒಂದೆರಡು ಸುತ್ತು ಜಿದ್ದಿಗೆ ಬಿದ್ದ ಹಾಗೆ ಬಿಗಿ ಇರುತ್ತದೆ, ಆಮೇಲೆ ಸಡಿಲವಾಗುತ್ತದೆ. ಹಲಗೆ ಪೂರ್ತಿ ಮೇಲೆ ಹೋದರೆ ಡ್ರಾಯರ್ ಸಲೀಸಾಗಿ ಬರುತ್ತದೆ. ಒಡೆದ ಗಾಜು ಇರಬಹುದು, ಬರಿಗೈ ಹಾಕಬೇಡಿ.

ಚೈನ್ ಜಾರಿದ್ದರೆ ಸುಮ್ನೆ ಹಾಕಿಬಿಡಬೇಡಿ. ಹಲಗೆಯಿಂದ ಮೇಲಿನ ಚೌಕಟ್ಟಿನವರೆಗೆ ಎಡಕ್ಕೂ ಬಲಕ್ಕೂ ಟೇಪ್ ಹಿಡಿದು ಅಳೆಯಿರಿ. ಎರಡೂ ಕಡೆ ಒಂದೇ ಅಳತೆ ಬರುವವರೆಗೆ ಒಂದು ಸ್ಕ್ರೂವನ್ನು ಮಾತ್ರ ತಿರುಗಿಸಿ, ಆಮೇಲೆ ಚೈನ್ ಹಾಕಿ. ಇದನ್ನು ಬಿಟ್ಟರೆ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಕ್ರೂ ಮೇಲಿನ ಕಪ್ಪು ಜಿಡ್ಡನ್ನು ಬಟ್ಟೆಯಿಂದ ಒರೆಸಿ ನೋಡಿ. ಅದರಲ್ಲಿ ಹೊಳೆಯುವ ಪುಡಿ ಇದ್ದರೆ ನಟ್ಟಿನ ಒಳಗಿನ ಸುರುಳಿ ಗೆರೆ ಸವೆದಿದೆ, ಬದಲಾಯಿಸಲೇಬೇಕು. ಇಲ್ಲದಿದ್ದರೆ ಭಾರ ತಡೆಯುವ ದಪ್ಪ ಗ್ರೀಸ್ ಹಚ್ಚಿ. ಅಡುಗೆ ಎಣ್ಣೆ, ಸ್ಪ್ರೇ ಎಣ್ಣೆ ನಿಲ್ಲುವುದಿಲ್ಲ.

ಹೊಸದು ತಗೊಳ್ಳಿ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಚೈನ್, ನಟ್ಟು, ಸ್ವಿಚ್ಚು ಬಿಡಿಯಾಗಿ ಸಿಗುವ ಭಾಗಗಳು. ಡ್ರಾಯರ್ ತೆಗೆದಾಗ ಒಳಗೆ ಮಾಡೆಲ್ ನಂಬರಿನ ಚೀಟಿ ಇದೆಯಾ ನೋಡಿ, ಅದನ್ನು ಹೇಳಿಯೇ ತರಿಸಿ. ಮೋಟಾರಿನಿಂದಲೇ ಸುಟ್ಟ ವಾಸನೆ ಬರುತ್ತಿದ್ದರೆ ಮಾತ್ರ ಖರ್ಚಿನ ಲೆಕ್ಕ ಹಾಕಿ ನೋಡಿ.

ಇನ್ನು ಮುಂದೆ ಚಿಪ್ಪು, ಒದ್ದೆ ಎಲೆ, ಹಣ್ಣಿನ ಸಿಪ್ಪೆ ಇದಕ್ಕೆ ಬೇಡ. ಬಾಟಲಿ ಹಾಕುವುದಾದರೆ ನಡುವೆ, ಅಡ್ಡ ಮಲಗಿಸಿ ಹಾಕಿ.