ರೈಲು ಹುಡುಕುವ ಮೊದಲು ಹಳಿ ನೋಡಿ: ಬ್ರಿಟನ್ನಿನ ಬ್ಯಾಂಕ್ ಹಾಲಿಡೇ ಪ್ರಯಾಣ

ಪ್ರಶ್ನೆ: ನಾವು ಲಂಡನ್ ಪಕ್ಕದ ಸ್ಲೌನಲ್ಲಿದ್ದೇವೆ. ಆಗಸ್ಟ್ ಕೊನೆಯ ಬ್ಯಾಂಕ್ ಹಾಲಿಡೇ, ಅಂದರೆ ಇಲ್ಲಿನ ಸಾರ್ವಜನಿಕ ರಜೆಯ ವಾರಾಂತ್ಯಕ್ಕೆ ಎಡಿನ್‌ಬರೊಗೆ ಹೋಗುವ ಆಸೆ. ಶಿವಮೊಗ್ಗದಿಂದ ಬಂದಿರುವ ಅಪ್ಪ, ಅಮ್ಮ, ಎಂಟು ವರ್ಷದ ಮಗಳು, ನಾವಿಬ್ಬರು, ಒಟ್ಟು ಐದು ಜನ. ಶನಿವಾರ ಬೆಳಿಗ್ಗೆ ಹೊರಟು ಸೋಮವಾರ ಸಂಜೆ ಹಿಂದಿರುಗಬೇಕು. ಆ ಮೂರು ದಿನ ರೈಲೇ ಇರುವುದಿಲ್ಲ ಎಂದು ಸಹೋದ್ಯೋಗಿಗಳು ಹೆದರಿಸುತ್ತಿದ್ದಾರೆ. ಆ್ಯಪ್‌ನಲ್ಲಿ ಶುಕ್ರವಾರದ ಅಗ್ಗದ ಟಿಕೆಟ್ ಕಾಣುತ್ತಿದೆ, ಶನಿವಾರದ್ದು ಕಾಣುತ್ತಿಲ್ಲ. ಏನು ಮಾಡುವುದು?

ಉತ್ತರ: ಟಿಕೆಟ್ ಕಾಣುತ್ತಿಲ್ಲ ಎಂದ ಮಾತ್ರಕ್ಕೆ ರೈಲಿಲ್ಲ ಎಂದುಕೊಳ್ಳಬೇಡಿ. ಆ ಶನಿವಾರದ ವೇಳಾಪಟ್ಟಿ ಇನ್ನೂ ಅಂತಿಮವಾಗಿಲ್ಲ, ಅಷ್ಟೇ. ಇಲ್ಲಿ ನಿರ್ದಿಷ್ಟ ರೈಲಿಗೆ ಮಾತ್ರ ಸಲ್ಲುವ ಅಗ್ಗದ ಅಡ್ವಾನ್ಸ್ ಟಿಕೆಟ್‌ಗಳು ಸಾಮಾನ್ಯವಾಗಿ ಪ್ರಯಾಣಕ್ಕೆ ಸುಮಾರು 12 ವಾರ ಮೊದಲು ಮಾರಾಟಕ್ಕೆ ಬರುತ್ತವೆ. ಹಳಿಯ ಕಾಮಗಾರಿ ಇರುವ ಶನಿವಾರ, ಭಾನುವಾರಗಳದ್ದು ಅದಕ್ಕಿಂತ ತಡವಾಗುತ್ತದೆ. ಊರಿನಲ್ಲಿ ನಾವು ಅರವತ್ತು ದಿನ ಮೊದಲು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮೊಬೈಲ್ ಹಿಡಿದು ಕೂರುತ್ತೇವಲ್ಲ, ಅಂಥ ನಿಗದಿತ ಗಳಿಗೆ ಇಲ್ಲಿಲ್ಲ. ರೈಲು ಕಂಪನಿಗಳ ಜಾಲತಾಣದಲ್ಲಿ ನಿಮ್ಮ ದಿನಾಂಕ ಕೊಟ್ಟು ಇಮೇಲ್ ನೋಂದಾಯಿಸಿಡಿ. ಟಿಕೆಟ್ ಬಿಟ್ಟ ದಿನ ಅವರೇ ತಿಳಿಸುತ್ತಾರೆ.

ಜನ ಊರಿಗೆ ಹೊರಡುವ ದಿನವೇ ಹಳಿ ಅಗೆಯುವುದೇಕೆ ಎಂದು ನನ್ನನ್ನು ಕೇಳದವರಿಲ್ಲ. ಈ ದೇಶದ ರೈಲುಗಳು ತುಂಬಿ ತುಳುಕುವುದು ಕಚೇರಿ ದಿನಗಳ ಬೆಳಿಗ್ಗೆ ಮತ್ತು ಸಂಜೆ. ರಜೆಯ ದಿನ ಆ ಜನ ಮನೆಯಲ್ಲಿರುತ್ತಾರೆ. ಹಳಿಗಳು ಕವಲೊಡೆಯುವ ಒಂದು ದೊಡ್ಡ ಜಂಕ್ಷನ್ನನ್ನು ಬದಲಿಸಬೇಕಾದರೆ ಮೇಲಿನ ತಂತಿಯ ವಿದ್ಯುತ್ ತೆಗೆದು, ಹಳೆಯ ಹಳಿ ಕತ್ತರಿಸಿ, ಹಳೆಯ ಜಲ್ಲಿ ತೆಗೆದು, ಹೊಸದನ್ನು ಕೂರಿಸಿ, ಕೊನೆಗೆ ಸಿಗ್ನಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಒಂದು ರಾತ್ರಿಯಲ್ಲಿ ಆಗುವ ಕೆಲಸವಲ್ಲ. ಮೂರು, ನಾಲ್ಕು ದಿನ ಒಟ್ಟಿಗೆ ಸಿಗುವುದು ಈಸ್ಟರ್, ಮೇ, ಆಗಸ್ಟ್ ಮತ್ತು ಕ್ರಿಸ್‌ಮಸ್ ರಜೆಗಳಲ್ಲಿ ಮಾತ್ರ. ಹಳಿಗಳ ಹೊಣೆ ಹೊತ್ತಿರುವ ನೆಟ್‌ವರ್ಕ್ ರೈಲ್ ಸಂಸ್ಥೆ ಈ ಕೆಲಸಗಳನ್ನು ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡಿರುತ್ತದೆ. ಬಹುಪಾಲು ಜಾಲ ತೆರೆದೇ ಇರುತ್ತದೆ. ಮುಚ್ಚುವುದು ಕೆಲವೇ ತುಂಡುಗಳು. ಆ ತುಂಡು ನಿಮ್ಮ ದಾರಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ರೈಲು ಹುಡುಕುವ ಮೊದಲು ಹಳಿ ನೋಡಿ. ನ್ಯಾಷನಲ್ ರೈಲ್ ಜಾಲತಾಣದಲ್ಲಿ ಮುಂಬರುವ ಕಾಮಗಾರಿಗಳ ಪುಟವಿದೆ. ಅದನ್ನು ಓದಲು ಹತ್ತು ನಿಮಿಷ ಸಾಕು.

ಲಂಡನ್‌ನಿಂದ ಸ್ಕಾಟ್‌ಲೆಂಡಿಗೆ ಎರಡು ಮುಖ್ಯ ರೈಲು ಮಾರ್ಗಗಳಿವೆ. ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಯಾರ್ಕ್, ನ್ಯೂಕಾಸಲ್ ಮೇಲೆ ಎಡಿನ್‌ಬರೊಗೆ ಹೋಗುವುದು ಪೂರ್ವ ಕರಾವಳಿಯ ಮಾರ್ಗ. ನೇರ ರೈಲಿಗೆ ಸುಮಾರು ನಾಲ್ಕೂವರೆ ಗಂಟೆ. ಯೂಸ್ಟನ್‌ನಿಂದ ಪ್ರೆಸ್ಟನ್, ಕಾರ್ಲೈಲ್ ಮೇಲೆ ಗ್ಲಾಸ್ಗೋಗೆ ಹೋಗುವುದು ಪಶ್ಚಿಮದ್ದು. ಗ್ಲಾಸ್ಗೋದಿಂದ ಎಡಿನ್‌ಬರೊ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಮೊದಲನೆಯದು ಮುಚ್ಚಿದ್ದರೆ ಎರಡನೆಯದನ್ನು ಹಿಡಿಯಿರಿ. ಒಂದು ಎಚ್ಚರಿಕೆ: ಒಂದು ಮಾರ್ಗ ಮುಚ್ಚಿದಾಗ ಅಲ್ಲಿನ ಜನರೆಲ್ಲ ಇನ್ನೊಂದಕ್ಕೆ ಹರಿದು ಬರುತ್ತಾರೆ. ಆದ್ದರಿಂದ ಸೀಟು ಕಾಯ್ದಿರಿಸದೆ ಹೊರಡಬೇಡಿ. ಇಲ್ಲಿ ವೇಟಿಂಗ್ ಲಿಸ್ಟ್ ಎಂಬುದಿಲ್ಲ. ಸೀಟಿರಲಿ ಬಿಡಲಿ, ಒಂದೇ ರೈಲಿಗೆ ಸೀಮಿತವಲ್ಲದ ಸಾಮಾನ್ಯ ಟಿಕೆಟ್ ಮಾರುತ್ತಲೇ ಹೋಗುತ್ತಾರೆ. ಟಿಕೆಟ್ ಕೈಯಲ್ಲಿದ್ದೂ ಬಾಗಿಲ ಬಳಿ ನಾಲ್ಕು ಗಂಟೆ ನಿಂತು ಬಂದ ಹಿರಿಯರನ್ನು ನಾನು ಕಂಡಿದ್ದೇನೆ. ಸಾಮಾನ್ಯ ಟಿಕೆಟ್ ತೆಗೆದರೂ ಅದರ ಜೊತೆ ಸೀಟನ್ನು ಬೇರೆಯಾಗಿ, ಉಚಿತವಾಗಿ ಕಾಯ್ದಿರಿಸಬಹುದು.

ಇನ್ನು ನಿಮ್ಮ ದಿನಗಳ ಲೆಕ್ಕ. ಆಗಸ್ಟ್ ಕೊನೆಯ ಸೋಮವಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರಜೆ. ಸ್ಕಾಟ್‌ಲೆಂಡಿನ ಬೇಸಿಗೆಯ ಬ್ಯಾಂಕ್ ಹಾಲಿಡೇ ಆಗಸ್ಟ್ ಮೊದಲ ಸೋಮವಾರವೇ ಮುಗಿದಿರುತ್ತದೆ. ಎಡಿನ್‌ಬರೊದವರಿಗೆ ಅಂದು ಕೆಲಸದ ದಿನ, ನಿಮಗೆ ರಜೆಯ ಕೊನೆಯ ದಿನ. ಅಲ್ಲಿನ ಫ್ರಿಂಜ್ ಎಂಬ ಕಲಾ ಉತ್ಸವ ಮುಗಿಯುವುದೂ ಸಾಮಾನ್ಯವಾಗಿ ಇದೇ ಹೊತ್ತಿಗೆ. ಉತ್ಸವಕ್ಕೆ ಬಂದವರು, ರಜೆಗೆ ಬಂದವರು ಎಲ್ಲರೂ ಸೋಮವಾರ ಸಂಜೆ ದಕ್ಷಿಣಕ್ಕೆ ಮುಖ ಮಾಡುತ್ತಾರೆ. ನೀವು ಬರೆದ ಯೋಜನೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದೊಂದೇ. ಮಂಗಳವಾರ ಒಂದು ದಿನ ರಜೆ ಹಾಕಲು ಸಾಧ್ಯವಾದರೆ ಅಂದು ಮಧ್ಯಾಹ್ನ ಬನ್ನಿ. ಆಗದಿದ್ದರೆ ಸೋಮವಾರ ಬೆಳಗಿನ ರೈಲು ಹಿಡಿಯಿರಿ. ಹೋಗುವಾಗಲೂ ಅಷ್ಟೇ: ಶುಕ್ರವಾರದ ಟಿಕೆಟ್ ಈಗಲೇ ಅಗ್ಗಕ್ಕೆ ಸಿಗುತ್ತಿದ್ದರೆ ಗುರುವಾರ ರಾತ್ರಿಯೇ ಗಂಟುಮೂಟೆ ಕಟ್ಟಿ, ಶುಕ್ರವಾರ ಬೆಳಿಗ್ಗೆ ಹತ್ತರ ನಂತರ ಹೊರಡಿ. ಒಂದು ರಾತ್ರಿಯ ಹೋಟೆಲ್ ಖರ್ಚು ಹೆಚ್ಚಾದೀತು; ವಯಸ್ಸಾದವರನ್ನು ನೂಕುನುಗ್ಗಲಿನಲ್ಲಿ ಕರೆದೊಯ್ಯುವುದು ತಪ್ಪುತ್ತದೆ.

ರಾತ್ರಿ ರೈಲು ಬೇಕೆನ್ನುವವರಿಗೆ ಯೂಸ್ಟನ್‌ನಿಂದ ಕ್ಯಾಲಿಡೋನಿಯನ್ ಸ್ಲೀಪರ್ ಇದೆ. ಅದು ಶನಿವಾರ ರಾತ್ರಿ ಓಡುವುದಿಲ್ಲ. ನಮ್ಮ ಸ್ಲೀಪರ್ ಕೋಚ್‌ನ ದರದಲ್ಲಿ ಸಿಗುವಂಥದ್ದೂ ಅಲ್ಲ, ಐದು ಜನಕ್ಕೆ ಬಹಳ ದುಬಾರಿ.

ನಿಮ್ಮ ಕುಟುಂಬಕ್ಕೆ ಹೇಳಿ ಮಾಡಿಸಿದ್ದು ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್. ಒಂದೇ ಕಾರ್ಡಿನಲ್ಲಿ ನಾಲ್ವರು ದೊಡ್ಡವರು, 5ರಿಂದ 15 ವಯಸ್ಸಿನ ನಾಲ್ವರು ಮಕ್ಕಳು ಹೋಗಬಹುದು. ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಶೇ 60ರಷ್ಟು ರಿಯಾಯಿತಿ. 2025ರ ಮಾರ್ಚ್‌ನಲ್ಲಿ ಅದರ ಬೆಲೆ 35 ಪೌಂಡ್‌ಗೆ ಏರಿತು. ಎಡಿನ್‌ಬರೊದಂಥ ದೂರಕ್ಕೆ ಒಂದೇ ಪ್ರಯಾಣದಲ್ಲಿ ಆ ಹಣ ಹುಟ್ಟುತ್ತದೆ. ಮಗಳು ಜೊತೆಗಿದ್ದರೆ ಮಾತ್ರ ಕಾರ್ಡ್ ಸಲ್ಲುತ್ತದೆ, ಮರೆಯಬೇಡಿ. ಟಿಕೆಟನ್ನು ರೈಲು ಕಂಪನಿಯ ಜಾಲತಾಣದಲ್ಲೇ ಕೊಳ್ಳಿ. ಮಧ್ಯವರ್ತಿ ಆ್ಯಪ್‌ಗಳಲ್ಲಿ ಕೆಲವು ಬುಕಿಂಗ್ ಶುಲ್ಕ ಹಾಕುತ್ತವೆ, ರೈಲು ಅದೇ.

ಸ್ಲೌನಿಂದ ಪ್ಯಾಡಿಂಗ್ಟನ್‌ಗೆ ಬರುವ ತುಂಡನ್ನೂ ಪರೀಕ್ಷಿಸಿ. ಓಲ್ಡ್ ಓಕ್ ಕಾಮನ್‌ನಲ್ಲಿ ಎಚ್‌ಎಸ್ 2 ಎಂಬ ಅತಿವೇಗದ ರೈಲು ಯೋಜನೆಯ ಹೊಸ ನಿಲ್ದಾಣದ ಕೆಲಸಕ್ಕಾಗಿ ಆ ಮಾರ್ಗವನ್ನೂ ಆಗಾಗ ಮುಚ್ಚುತ್ತಾರೆ. ನಾಲ್ಕುನೂರು ಮೈಲಿಯ ರೈಲು ಸಮಯಕ್ಕೆ ಸರಿಯಾಗಿ ಕಾಯುತ್ತಿದ್ದು, ಮೊದಲ ಇಪ್ಪತ್ತು ಮೈಲಿಯಲ್ಲೇ ಸಿಕ್ಕಿಕೊಂಡವರು ಎಷ್ಟೋ ಜನ.

ಸೀಟು ಆರಿಸುವಾಗ ಪೂರ್ವದ ಮಾರ್ಗದಲ್ಲಿ ಹೋಗುವಿರಾದರೆ ಬಲಗಡೆಯ ಕಿಟಕಿ ಕೇಳಿ. ನ್ಯೂಕಾಸಲ್ ದಾಟಿದ ಮೇಲೆ ಹೊಲಗಳ ಅಂಚಿನಲ್ಲಿ ಕಡಲು ಕಾಣಿಸಿಕೊಳ್ಳುತ್ತದೆ. ಬೆರಿಕ್ ಊರಿನ ಬಳಿ ಟ್ವೀಡ್ ನದಿಯ ಮೇಲೆ 28 ಕಮಾನುಗಳ ಕಲ್ಲಿನ ಸೇತುವೆ ಇದೆ, 1850ರದು. ರೈಲು ಅಲ್ಲಿ ವೇಗ ತಗ್ಗಿಸಿ ಮೆಲ್ಲಗೆ ಬಾಗುತ್ತ ಸಾಗುತ್ತದೆ. ಕೆಳಗೆ ನದಿ ಸಮುದ್ರ ಸೇರುವುದು ಕಾಣುತ್ತದೆ. ಶರಾವತಿ ಸೇತುವೆ ದಾಟುವಾಗ ಕಿಟಕಿಗೆ ಮುಖ ಒತ್ತಿ ಕೂತು ಅಭ್ಯಾಸವಿರುವ ನಿಮ್ಮ ತಂದೆಯವರಿಗೆ ಇದನ್ನು ತಪ್ಪಿಸಬೇಡಿ.

ಪ್ರಶ್ನೆ: ಈಸ್ಟರ್ ಶನಿವಾರಕ್ಕೆ ಲಂಡನ್‌ನಿಂದ ಮ್ಯಾಂಚೆಸ್ಟರ್‌ಗೆ ಅಡ್ವಾನ್ಸ್ ಟಿಕೆಟ್ ತೆಗೆದಿದ್ದೆ. ಈಗ ನಿಮ್ಮ ರೈಲು ರದ್ದಾಗಿದೆ, ಸ್ವಲ್ಪ ದೂರ ಬಸ್ಸಿನಲ್ಲಿ ಹೋಗಬೇಕಾಗುತ್ತದೆ ಎಂಬ ಇಮೇಲ್ ಬಂದಿದೆ. ಈ ಟಿಕೆಟ್‌ಗೆ ಹಣ ವಾಪಸು ಇಲ್ಲ ಎಂದು ಅದರಲ್ಲೇ ಬರೆದಿತ್ತು. ಹಣ ಹೋಯಿತೇ?

ಉತ್ತರ: ಹೋಗಿಲ್ಲ. ಹಣ ವಾಪಸು ಇಲ್ಲ ಎಂಬ ನಿಯಮ ನೀವು ಮನಸ್ಸು ಬದಲಿಸಿದಾಗ ಅನ್ವಯಿಸುತ್ತದೆ. ನಿಮ್ಮ ರೈಲನ್ನು ಅವರೇ ರದ್ದು ಮಾಡಿದ್ದಾರೆ, ಆ ಕಾರಣಕ್ಕೆ ನೀವು ಪ್ರಯಾಣವನ್ನೇ ಬಿಟ್ಟರೆ ಕೊಂಡ ಕಡೆಯಲ್ಲೇ ಪೂರ್ತಿ ಹಣ ಕೇಳಬಹುದು. ಅದಕ್ಕೆ ಸೇವಾ ಶುಲ್ಕ ಹಿಡಿಯುವಂತಿಲ್ಲ. ಇದು ಅವರು ತೋರುವ ಔದಾರ್ಯವಲ್ಲ, ರಾಷ್ಟ್ರೀಯ ಪ್ರಯಾಣ ನಿಯಮಗಳಲ್ಲಿ ಬರೆದಿರುವ ನಿಮ್ಮ ಹಕ್ಕು. ದನಿ ತಗ್ಗಿಸದೆ ಕೇಳಿ.

ಹೋಗಲೇಬೇಕು ಎಂದಾದರೆ ಬಸ್ಸಿಲ್ಲದ ದಾರಿಯೂ ಇರುತ್ತದೆ. ಸೇಂಟ್ ಪ್ಯಾಂಕ್ರಸ್‌ನಿಂದ ಶೆಫೀಲ್ಡ್‌ಗೆ ಹೋಗಿ, ಅಲ್ಲಿಂದ ಹೋಪ್ ಕಣಿವೆಯ ರೈಲಿನಲ್ಲಿ ಮ್ಯಾಂಚೆಸ್ಟರ್ ಸೇರಬಹುದು. ಬರ್ಮಿಂಗ್‌ಹ್ಯಾಮ್‌ಗೆ ಹೋಗುವವರಿಗೆ ಮೇರಿಲ್‌ಬೋನ್‌ನಿಂದ ಚಿಲ್ಟರ್ನ್ ಕಂಪನಿಯ ರೈಲುಗಳಿವೆ. ನಿಮ್ಮ ಟಿಕೆಟ್ ಹೀಗೆ ಬೇರೆ ಕಂಪನಿಯ ರೈಲಿನಲ್ಲೂ ಸಲ್ಲುತ್ತದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿ ಉತ್ತರವನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ದೊಡ್ಡ ಕಾಮಗಾರಿಗಳ ಹೊತ್ತಿನಲ್ಲಿ ಕಂಪನಿಗಳು ಒಬ್ಬರ ಟಿಕೆಟನ್ನು ಇನ್ನೊಬ್ಬರು ಒಪ್ಪುವ ಏರ್ಪಾಡು ಮಾಡಿಕೊಂಡಿರುತ್ತವೆ. ಎಲ್ಲ ಸಲವೂ ಅಲ್ಲ.

ಡಿಲೇ ರಿಪೇ ಎಂಬ ಪರಿಹಾರವನ್ನು ಇದರ ಜೊತೆ ಬೆರೆಸಬೇಡಿ. ಪ್ರಯಾಣ ಮಾಡಿ ತಡವಾಗಿ ತಲುಪಿದವರಿಗೆ ಅದು. ಹೆಚ್ಚಿನ ಕಂಪನಿಗಳಲ್ಲಿ 15 ನಿಮಿಷ ತಡವಾದರೆ ಆ ಕಡೆಯ ದರದ ಕಾಲು ಭಾಗ, ಅರ್ಧ ಗಂಟೆಗೆ ಅರ್ಧ, ಒಂದು ಗಂಟೆ ದಾಟಿದರೆ ಪೂರ್ತಿ. 28 ದಿನಗಳೊಳಗೆ ಅರ್ಜಿ ಹಾಕಬೇಕು. ತಡ ಎಂಬುದನ್ನು ಅಳೆಯುವುದು ಅಂದಿನ ಬದಲಾದ ವೇಳಾಪಟ್ಟಿಗೆ. ಬಸ್ಸಿನಿಂದಾಗಿ ಎರಡು ಗಂಟೆಯ ದಾರಿ ನಾಲ್ಕು ಗಂಟೆ ಎಂದು ಮೊದಲೇ ಪ್ರಕಟಿಸಿದ್ದರೆ, ನಾಲ್ಕು ಗಂಟೆಯಲ್ಲಿ ತಲುಪಿದ್ದು ಅವರ ಲೆಕ್ಕದಲ್ಲಿ ತಡವಲ್ಲ.

ಪ್ರಶ್ನೆ: ನಮ್ಮ ತಾಯಿಗೆ ಮಂಡಿನೋವು. ಮೇ ತಿಂಗಳ ಕೊನೆಯ ಬ್ಯಾಂಕ್ ಹಾಲಿಡೇ ದಿನ ದಾರಿಯಲ್ಲಿ ರೈಲಿನ ಬದಲು ಬಸ್ ಎಂದಿದ್ದಾರೆ. ಕರೆದೊಯ್ಯಬಹುದೇ?

ಉತ್ತರ: ಕರೆದೊಯ್ಯಬಹುದು. ಮೊದಲೇ ತಿಳಿಸಿಟ್ಟರೆ ಮಾತ್ರ. ಇದನ್ನು ನಾನು ಕಲಿತದ್ದು ನನ್ನ ಅತ್ತೆಯವರ ಜೊತೆ, ಒಂದು ಈಸ್ಟರ್ ಭಾನುವಾರ, ಮಧ್ಯ ಇಂಗ್ಲೆಂಡಿನ ಒಂದು ನಿಲ್ದಾಣದ ಹೊರಗೆ. ಬಂದದ್ದು ಊರಿನೊಳಗೆ ಓಡುವ ತಗ್ಗು ಬಸ್ಸಲ್ಲ, ಎತ್ತರದ ಪ್ರವಾಸಿ ಬಸ್ಸು. ಬಾಗಿಲಲ್ಲಿ ಕಡಿದಾದ ಮೆಟ್ಟಿಲುಗಳು. ಅತ್ತೆ ಕಂಬಿ ಹಿಡಿದು ಬಲಗಾಲು ಎತ್ತಿದರು, ಅರ್ಧಕ್ಕೇ ಇಳಿಸಿದರು. ಸೀರೆಯ ನಿರಿಗೆ ಕೂಡಿಸಿ ಹಿಡಿದು ಎಡಗಾಲು ಎತ್ತಿ ನೋಡಿದರು. ಹಿಂದೆ ಸೂಟ್‌ಕೇಸ್ ಹಿಡಿದ ಜನರ ಉದ್ದ ಸಾಲು. ಯಾರೂ ಒಂದು ಮಾತಾಡಲಿಲ್ಲ, ಆದರೂ ಅವರು ನಾಚಿಕೆಯಿಂದ ಕುಗ್ಗಿಹೋದರು. ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಸಿಬ್ಬಂದಿಯೊಬ್ಬರು ಬಂದು, ಮೊದಲೇ ಸಹಾಯ ಕೇಳಿದ್ದಿರಾ ಎಂದರು. ಕೇಳಿರಲಿಲ್ಲ. ಟ್ಯಾಕ್ಸಿ ತರಿಸಿಕೊಟ್ಟರು, ಅದು ಬರುವಷ್ಟರಲ್ಲಿ ನಮ್ಮ ಮುಂದಿನ ರೈಲು ಹೋಗಿತ್ತು.

ಆ ಸಹಾಯದ ಹೆಸರು ಪ್ಯಾಸೆಂಜರ್ ಅಸಿಸ್ಟ್. ಉಚಿತ. ಅಂಗವೈಕಲ್ಯದ ಪ್ರಮಾಣಪತ್ರವೇನೂ ಬೇಕಿಲ್ಲ, ವಯಸ್ಸಾಗಿ ನಡೆಯುವುದು ಕಷ್ಟ ಎಂದರೆ ಸಾಕು. ನಿಯಮದ ಪ್ರಕಾರ ಪ್ರಯಾಣಕ್ಕೆ ಎರಡು ಗಂಟೆ ಮೊದಲು ಹೇಳಿದರೂ ಆಗುತ್ತದೆ. ರಜೆಯ ದಿನಕ್ಕೆ ಎರಡು ದಿನ ಮೊದಲೇ ಫೋನ್ ಮಾಡಿ. ಹೇಳುವಾಗ, ಅಮ್ಮ ಮೆಟ್ಟಿಲು ಹತ್ತಲಾರರು, ಬಸ್ಸಿಗೆ ಮೆಟ್ಟಿಲಿದ್ದರೆ ಬೇರೆ ವಾಹನ ಬೇಕು ಎಂದು ಬಿಡಿಸಿ ಹೇಳಿ. ಬಸ್ಸು ಅವರಿಗೆ ಹತ್ತಲು ಆಗದಂಥದ್ದಾದರೆ ಹೆಚ್ಚಿನ ದುಡ್ಡು ಕೇಳದೆ ಪರ್ಯಾಯ ವಾಹನ ಒದಗಿಸುವುದು ಕಂಪನಿಯ ಕರ್ತವ್ಯ. ನಮ್ಮ ಹಿರಿಯರು ಇಂಥ ಸಹಾಯ ಕೇಳಲು ಸಂಕೋಚಪಡುತ್ತಾರೆ. ಅವರ ಪರವಾಗಿ ನೀವು ಕೇಳಿ.

ಬಸ್ಸಿನ ದಾರಿಯಲ್ಲಿ ನೀರು, ಮಾತ್ರೆ, ತಿಂಡಿ ಕೈಚೀಲದಲ್ಲೇ ಇರಲಿ. ದೊಡ್ಡ ಚೀಲ ಕೆಳಗಿನ ಡಿಕ್ಕಿಗೆ ಹೋಗುತ್ತದೆ. ಎಲ್ಲ ಬಸ್ಸುಗಳಲ್ಲೂ ಶೌಚಾಲಯ ಇರುವುದಿಲ್ಲ, ಹೊರಡುವ ಮೊದಲು ನಿಲ್ದಾಣದಲ್ಲೇ ಮುಗಿಸಿಕೊಳ್ಳಿ.

ಪ್ರಶ್ನೆ: ಡಿಸೆಂಬರ್ 27ರಂದು ಲೀಡ್ಸ್‌ನಿಂದ ಲಂಡನ್‌ಗೆ ಬಂದು ಅದೇ ಸಂಜೆ ಹೀಥ್ರೂದಿಂದ ಬೆಂಗಳೂರಿನ ವಿಮಾನ ಹತ್ತಬೇಕು. ಬೆಳಗಿನ ಮೊದಲ ರೈಲು ಸಾಕಲ್ಲವೇ?

ಉತ್ತರ: ಆ ಮೊದಲ ರೈಲನ್ನು ನಂಬಬೇಡಿ. ಡಿಸೆಂಬರ್ 25ರಂದು ಬ್ರಿಟನ್ನಿನಲ್ಲಿ ರೈಲುಗಳು ಓಡುವುದಿಲ್ಲ ಎಂದೇ ತಿಳಿಯಿರಿ, ಲಂಡನ್ನಿನ ಟ್ಯೂಬ್ ಎಂಬ ಸುರಂಗ ರೈಲು ಕೂಡ ನಿಲ್ಲುತ್ತದೆ. 26ರಂದು ಅಲ್ಲೊಂದು ಇಲ್ಲೊಂದು. ಈ ಬಿಡುವಿನಲ್ಲಿ ದೊಡ್ಡ ಕಾಮಗಾರಿಗಳು ನಡೆಯುತ್ತವೆ, 27ರ ಬೆಳಿಗ್ಗೆ ಹಳಿ ಬಿಟ್ಟುಕೊಡಬೇಕು. ಕೆಲಸ ಕೆಲವು ಗಂಟೆ ಜಾರಿದರೂ ಪೆಟ್ಟು ಬೀಳುವುದು ಆ ದಿನದ ಪ್ರಯಾಣಿಕರಿಗೆ. 2014ರ ಡಿಸೆಂಬರ್ 27, ಶನಿವಾರ, ಹಾಲೊವೇ ಬಳಿಯ ಕೆಲಸ ಸಮಯಕ್ಕೆ ಮುಗಿಯದೆ ಕಿಂಗ್ಸ್ ಕ್ರಾಸ್‌ಗೆ ರೈಲುಗಳೇ ಬರಲಿಲ್ಲ. ದೂರದ ರೈಲುಗಳನ್ನೆಲ್ಲ ಫಿನ್ಸ್‌ಬರಿ ಪಾರ್ಕ್ ಎಂಬ ಚಿಕ್ಕ ನಿಲ್ದಾಣಕ್ಕೆ ತಿರುಗಿಸಿದರು. ಅದು ಅಷ್ಟು ಜನರನ್ನು ಹಿಡಿಯಲಾರದೆ ಬಾಗಿಲು ಮುಚ್ಚಬೇಕಾಯಿತು; ಜನ ಹೊರಗೆ ಚಳಿಯಲ್ಲಿ ಸಾಲುಗಟ್ಟಿ ನಿಂತರು. ಲೀಡ್ಸ್‌ನಿಂದ ಬರುವ ರೈಲುಗಳ ದಾರಿಯೂ ಅದೇ.

ವರ್ಷಕ್ಕೊಮ್ಮೆ ಊರಿಗೆ ಹೋಗುವ ಟಿಕೆಟ್ ಅದು, ಅದನ್ನು ಒಂದು ಬೆಳಗಿನ ಮೇಲೆ ಪಣಕ್ಕಿಡಬೇಡಿ. 24ರ ಮಧ್ಯಾಹ್ನವೇ ಲಂಡನ್‌ಗೆ ಬಂದು ಪರಿಚಯದವರ ಮನೆಯಲ್ಲಿರಿ. ಅಂದು ಸಂಜೆ ರೈಲುಗಳು ಬೇಗ ನಿಲ್ಲುತ್ತವೆ, ಕತ್ತಲಾಗುವ ಮೊದಲೇ ಹೊರಡಿ. ಅದು ಆಗದಿದ್ದರೆ 26ಕ್ಕೆ ಹೀಥ್ರೂವರೆಗೆ ಹೋಗುವ ಕೋಚ್, ಅಂದರೆ ದೂರದೂರಿನ ಬಸ್ಸು, ಇದೆಯೇ ನೋಡಿ. ಕೋಚ್‌ಗಳು ಹಳಿಯ ಕೆಲಸವನ್ನು ಲೆಕ್ಕಿಸಬೇಕಿಲ್ಲ, ಆದರೆ ಸೀಟುಗಳು ಡಿಸೆಂಬರ್ ಮೊದಲ ವಾರದೊಳಗೇ ಮುಗಿಯಬಹುದು. ನಿಮ್ಮ ಪತ್ರ ನನಗೆ ತಲುಪಿದ್ದು ಅಕ್ಟೋಬರ್‌ನಲ್ಲಿ. ಇನ್ನೂ ಕಾಲವಿದೆ, ಈ ವಾರವೇ ಕಾಯ್ದಿರಿಸಿ.