ಮತ್ತೆ ಮತ್ತೆ ಕಿವಿ ಸೋರುವ ಮಗು: ಮೊದಲು ಮೂಗು ನೋಡಿ

ಪ್ರಶ್ನೆ: ನನ್ನ ಮಗಳಿಗೆ 1 ವರ್ಷ 10 ತಿಂಗಳು. ನಾನು ಕೆಲಸಕ್ಕೆ ವಾಪಸ್ ಹೋಗಬೇಕಾಗಿ ಬಂದು ಅವಳನ್ನು ಡೇ ಕೇರ್‌ಗೆ ಸೇರಿಸಿದೆವು. ಅಲ್ಲಿಂದೀಚೆಗೆ 8 ತಿಂಗಳಲ್ಲಿ 4 ಸಲ ಕಿವಿಗೆ ಸೋಂಕು ಆಗಿದೆ. ಎರಡು ಸಲ ಕೀವು ಸೋರಿತು. ಸ್ನಾನದ ನೀರು ಕಿವಿಗೆ ಹೋಗಿಯೇ ಹೀಗಾಗುತ್ತಿದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುತ್ತಾರೆ. ಮಗು ರಾತ್ರಿ ಬಾಟಲಿ ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತದೆ. ಇದು ಮತ್ತೆ ಬಾರದ ಹಾಗೆ ಏನು ಮಾಡಲಿ? ಕಿವಿ ಮಂದವಾಗಿಬಿಡುತ್ತದೆಯೇ ಎಂದು ಭಯವಾಗಿದೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನೀವು ಕೆಲಸಕ್ಕೆ ಹೋದದ್ದು ತಪ್ಪಲ್ಲ. ಆ ಭಾರವನ್ನು ಮೊದಲು ಇಳಿಸಿಡಿ. ಈ ವಯಸ್ಸಿನ ಮಕ್ಕಳಿಗೆ ಕಿವಿ ಸೋಂಕು ತುಂಬಾ ಸಾಮಾನ್ಯ. 6 ತಿಂಗಳಿಂದ 2 ವರ್ಷದೊಳಗೇ ಜಾಸ್ತಿ.

ಸ್ನಾನದ ನೀರಿನ ವಿಷಯಕ್ಕೆ ಬರುತ್ತೇನೆ. ಸೋಂಕು ಆಗುವುದು ಕಿವಿ ತಮಟೆಯ ಒಳಗಡೆ. ತಮಟೆ ಹರಿದಿಲ್ಲದಿದ್ದರೆ ಹೊರಗಿನ ನೀರು ಅಲ್ಲಿಗೆ ಹೋಗುವುದಿಲ್ಲ. ರೋಗಾಣು ಹೋಗುವ ದಾರಿಯೇ ಬೇರೆ. ಮೂಗಿನ ಹಿಂಭಾಗದಿಂದ ಕಿವಿಯ ಒಳಭಾಗಕ್ಕೆ ಒಂದು ಸಣ್ಣ ನಾಳ ಇದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಹಾಗಾಗಿ ಒಳಗಿನ ನೀರು ಗಂಟಲ ಕಡೆಗೆ ಇಳಿದುಹೋಗುತ್ತದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚೂಕಡಿಮೆ ಅಡ್ಡಡ್ಡ. ನೆಗಡಿ ಬಂದಾಗ ಊದಿಕೊಂಡು ಮುಚ್ಚಿಕೊಳ್ಳುತ್ತದೆ. ನೀರು ಅಲ್ಲೇ ನಿಂತು ಕೀವಾಗುತ್ತದೆ. ನಿಮ್ಮ ಮಗುವಿಗೆ ಪ್ರತಿ ಸಲ ನೆಗಡಿ ಶುರುವಾಗಿ ಮೂರ್ನಾಲ್ಕು ದಿನಕ್ಕೆ ಕಿವಿ ನೋವು ಬಂದಿರಬೇಕು, ನೆನಪಿಸಿಕೊಂಡು ನೋಡಿ.

ಹಾಗಾದರೆ ಎಣ್ಣೆ? ದಯವಿಟ್ಟು ನಿಲ್ಲಿಸಿ. ತಮಟೆ ಸರಿಯಿದ್ದರೆ ಎಣ್ಣೆ ಸೋಂಕಿನ ಜಾಗಕ್ಕೆ ತಲುಪುವುದೇ ಇಲ್ಲ. ಕಿವಿ ಸೋರುತ್ತಿದ್ದರೆ ತಮಟೆಯಲ್ಲಿ ತೂತಾಗಿದೆ ಎಂದರ್ಥ, ಆಗ ಎಣ್ಣೆ ನೇರ ಒಳಗೇ ಹೋಗುತ್ತದೆ. ಕಿವಿಯಲ್ಲಿ ಬೂಸ್ಟು ಬೆಳೆಯುವ ಅಪಾಯವೂ ಇದೆ. ಅತ್ತೆಯವರ ನಂಬಿಕೆ ಎಲ್ಲಿಂದ ಬಂತು ಎಂದು ನನಗೆ ಅರ್ಥವಾಗುತ್ತದೆ. ಕೀವು ಒಡೆದು ಹೊರಗೆ ಬಂದ ಕೂಡಲೇ ನೋವು ತಾನಾಗಿ ಇಳಿಯುತ್ತದೆ. ಅಷ್ಟರಲ್ಲಿ ಎಣ್ಣೆ ಬಿಟ್ಟಿದ್ದರೆ ಅದರಿಂದಲೇ ಗುಣವಾಯಿತು ಅನ್ನಿಸುತ್ತದೆ, ಅಲ್ವಾ? ಇದನ್ನು ಅವರಿಗೆ ಸಮಾಧಾನವಾಗಿ ಹೇಳಿ. ತಲೆಗೆ, ಮೈಗೆ ಎಣ್ಣೆ ಹಚ್ಚಿ ಎರೆಯಲಿ, ತೊಂದರೆಯಿಲ್ಲ. ಕಿವಿಗೆ, ಮೂಗಿಗೆ ಮಾತ್ರ ಬೇಡ. ನೋವಿದ್ದಾಗ ಮಗುವಿನ ತೂಕಕ್ಕೆ ವೈದ್ಯರು ಬರೆದುಕೊಟ್ಟಷ್ಟು ಪ್ಯಾರಾಸಿಟಮಾಲ್ ಕೊಡಿ. ಕಿವಿ ಸೋರುವ ದಿನಗಳಲ್ಲಿ ಸ್ನಾನ ಮಾಡಿಸುವಾಗ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬಾಟಲಿಯ ಮೇಲೆ. ಅಂಗಾತ ಮಲಗಿ ಕುಡಿದರೆ ಹಾಲು ಮೂಗಿನ ಹಿಂದಕ್ಕೆ, ಅಲ್ಲಿಂದ ಆ ನಾಳದ ಬಾಯಿಗೆ ಹೋಗುತ್ತದೆ. ನಿಮ್ಮ ಕೈಯಲ್ಲಿರುವ ಬದಲಾವಣೆಗಳಲ್ಲಿ ಮೊದಲು ಇದನ್ನೇ ಮಾಡಿ. ಎರಡು ವರ್ಷ ಹತ್ತಿರ ಬಂದ ಮಗುವಿಗೆ ಬಾಟಲಿ ಬೇಕಿಲ್ಲ. ಮಲಗುವ ಅರ್ಧ ಗಂಟೆ ಮೊದಲು ಕೂರಿಸಿಕೊಂಡು ಚಿಕ್ಕ ಲೋಟದಲ್ಲಿ ಹಾಲು ಕೊಡಿ. ನಾಲ್ಕೈದು ರಾತ್ರಿ ಅಳುತ್ತಾಳೆ. ತಟ್ಟಿ ಮಲಗಿಸಿ, ಬಾಟಲಿ ಮಾತ್ರ ಮತ್ತೆ ಕೊಡಬೇಡಿ. ರಬ್ಬರ್ ನಿಪ್ಪಲ್ ಚೀಪುವ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ.

ಎರಡನೆಯದು ಹೊಗೆ. ಮನೆಯಲ್ಲಿ ಬೀಡಿ, ಸಿಗರೇಟು ಸೇದಿದರೆ ಮಕ್ಕಳಿಗೆ ಕಿವಿ ಸೋಂಕು ಹೆಚ್ಚುತ್ತದೆ. ಇದರಲ್ಲಿ ಅನುಮಾನವಿಲ್ಲ. ಮಿಂದ ಮಗುವಿನ ತಲೆಗೆ ಹಿಡಿಯುವ ಸಾಂಬ್ರಾಣಿ, ಮುಚ್ಚಿದ ಕೋಣೆಯ ಸೊಳ್ಳೆ ಬತ್ತಿ ಕೂಡ ಮೂಗನ್ನು ಕೆರಳಿಸುತ್ತವೆ. ಸೊಳ್ಳೆ ಪರದೆ ಕಟ್ಟಿ.

ಡೇ ಕೇರ್‌ನಲ್ಲಿ ಮಕ್ಕಳು ಹೆಚ್ಚಿದ್ದಷ್ಟೂ ನೆಗಡಿ ಹೆಚ್ಚು. ನಾಲ್ಕೈದು ಮಕ್ಕಳಿರುವ ಕಡೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಕೊರಗಬೇಡಿ.

ಈಗ ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ. ನ್ಯುಮೋಕಾಕಲ್ ಲಸಿಕೆ, ಅಂದರೆ ಪಿಸಿವಿ, ಮೂರು ಡೋಸ್ ಆಗಿದೆಯೇ? 6 ವಾರ, 14 ವಾರ, 9 ತಿಂಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಕಿವಿಗೆ ಕೀವು ತುಂಬಿಸುವ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಒಂದನ್ನು ಅದು ತಡೆಯುತ್ತದೆ. ಬಿಟ್ಟುಹೋಗಿದ್ದರೆ ಈಗ ಹಾಕಿಸುವ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ. ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಕೊಡಿಸಬಹುದು, ಮೊದಲ ವರ್ಷ ಮಾತ್ರ 4 ವಾರ ಬಿಟ್ಟು ಎರಡು ಡೋಸ್. ಅದು ಉಚಿತ ಪಟ್ಟಿಯಲ್ಲಿಲ್ಲ, ಖಾಸಗಿಯಾಗಿ ಹಾಕಿಸಬೇಕು.

ಸೋಂಕು ಬಾರದಿರಲಿ ಎಂದು ಸುಮ್ನೆ ದಿನವೂ ಆಂಟಿಬಯಾಟಿಕ್ ಕೊಡುವುದು ಬೇಡ. ಹಿಂದಿನ ಸಲ ಉಳಿದ ಸಿರಪ್ ಕೂಡ ಬೇಡ. ವೈದ್ಯರು ಕಿವಿಯೊಳಗೆ ನೋಡಿ ಬರೆದುಕೊಟ್ಟರೆ ಮಾತ್ರ ಕೊಡಿ, ಕೊಟ್ಟರೆ ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಕಿವಿಯ ಹಿಂದೆ ಊದಿ ಕೆಂಪಾದರೆ, ಕಿವಿ ಮುಂದಕ್ಕೆ ತಳ್ಳಿದ ಹಾಗೆ ಕಂಡರೆ, ಜೋರು ಜ್ವರದ ಜೊತೆ ಮಗು ಮಂಕಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಕಿವಿ ಮಂದವಾಗುವ ಭಯ ನಿಮಗಿದೆ. ಸೋಂಕು ಹೋದ ಮೇಲೂ ತಮಟೆಯ ಹಿಂದೆ ಕೆಲವು ವಾರ ನೀರು ಉಳಿಯುತ್ತದೆ. ಆಗ ಮಗುವಿಗೆ ಮಾತು ಮಸುಕಾಗಿ ಕೇಳಿಸುತ್ತದೆ. ಹೆಚ್ಚಿನ ಮಕ್ಕಳಲ್ಲಿ 3 ತಿಂಗಳೊಳಗೆ ಅದು ತಾನಾಗಿ ಒಣಗಿ ಕಿವಿ ಮೊದಲಿನಂತಾಗುತ್ತದೆ. ಒಣಗದಿದ್ದರೆ ಗ್ರೊಮೆಟ್ ಎಂಬ ಪುಟ್ಟ ಕೊಳವೆಯನ್ನು ತಮಟೆಯಲ್ಲಿ ಕೂರಿಸುತ್ತಾರೆ.

6 ತಿಂಗಳಲ್ಲಿ 3 ಸಲ ಅಥವಾ ವರ್ಷದಲ್ಲಿ 4 ಸಲ ಸೋಂಕಾದ ಮಗುವನ್ನು ಇಎನ್‌ಟಿ ವೈದ್ಯರಿಗೆ ತೋರಿಸಬೇಕು. ನಿಮ್ಮ ಮಗಳು ಆ ಲೆಕ್ಕಕ್ಕೆ ಬಂದಿದ್ದಾಳೆ. ಬಾಯಿ ತೆರೆದು ಮಲಗುತ್ತಾಳಾ, ಗೊರಕೆ ಹೊಡೆಯುತ್ತಾಳಾ, ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾಳಾ, ‘ಅಮ್ಮ ಬಾ’ ಎಂದು ಎರಡು ಪದ ಜೋಡಿಸುತ್ತಾಳಾ? ಒಂದು ವಾರ ಗಮನಿಸಿ ಬರೆದಿಟ್ಟುಕೊಳ್ಳಿ. ಶ್ರವಣ ಪರೀಕ್ಷೆಗೆ ಈ ವಯಸ್ಸು ಚಿಕ್ಕದಲ್ಲ. ಹೆಚ್ಚಿನ ತಪಾಸಣೆ ಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ನಾಲ್ಕೂ ಸಲದ ಔಷಧಿ ಚೀಟಿಗಳನ್ನು ಜೊತೆಗೆ ಒಯ್ಯಿರಿ.