ಲಾರಿಯಿಂದ ಜಂಪ್ ಬೇಡ ಮಾರಾಯ್ರೇ!

ಪ್ರಶ್ನೆ: ಕಾರಿನ ಬ್ಯಾಟರಿ ಪೂರ್ತಿ ಇಳಿದಿದೆ. ಪಕ್ಕದ ಮನೆಯವರ ಲಾರಿಯಿಂದ ಜಂಪ್ ಕೊಡಬಹುದಾ (ಅದರ ಬ್ಯಾಟರಿಗೆ ಕೇಬಲ್ ಹಾಕಿ ಕಾರು ಸ್ಟಾರ್ಟ್ ಮಾಡಬಹುದಾ)?
— ಓದುಗರೊಬ್ಬರು, ಸಾಗರ

ಉತ್ತರ: ಬೇಡ. ಲಾರಿಯದು ಸಾಮಾನ್ಯವಾಗಿ 24 ವೋಲ್ಟ್, ನಿಮ್ಮದು 12. ಇನ್ನೊಂದು ಕಾರನ್ನೇ ತರಿಸಿ. ಎರಡೂ ತಾಗದಂತೆ ನಿಲ್ಲಿಸಿ, ಆಫ್ ಮಾಡಿ. ಕೆಂಪು ಕೇಬಲ್ ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಅವರ ಪ್ಲಸ್‌ಗೆ. ಕಪ್ಪು ಅವರ ಮೈನಸ್‌ಗೆ. ಅದರ ಇನ್ನೊಂದು ತುದಿಯಲ್ಲೇ ಜಾಸ್ತಿ ಜನ ಎಡವುವುದು. ನಿಮ್ಮ ಬ್ಯಾಟರಿಗೆ ಹಾಕಬೇಡಿ; ಅದರಿಂದ ದೂರದಲ್ಲಿ, ನಿಮ್ಮ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಪಕ್ಕದಲ್ಲೇ ಕಿಡಿ ಹಾರಿದರೆ ಢಂ! ಕಲಿಯುವ ಕಾಲದಲ್ಲಿ ನನ್ನ ಹುಬ್ಬು ಹೋಗಿದ್ದು ಹಾಗೇ. ಅವರ ಕಾರು ಐದು ನಿಮಿಷ ಓಡಲಿ, ಆಮೇಲೆ ನಿಮ್ಮದಕ್ಕೆ ಸೆಲ್ಫ್ ಹೊಡೆಯಿರಿ. ಬಿಚ್ಚುವಾಗ ಉಲ್ಟಾ. ಹಾಂ, ಬ್ಯಾಟರಿ ಉಬ್ಬಿದ್ದರೆ ಮುಟ್ಟಲೇಬೇಡಿ.